ಕಾಮಾಲೆ ಮದ್ದಿನ ಮನೆಯಿಂದ

ಪ್ರೀತಿಯ ಅತ್ತೇ,

ನಿನ್ನೆ ಬೆಳಿಗ್ಗೆಯೂ ಅಂಗಳದಲ್ಲಿ ಒಬ್ಬರು ಬಂದು ನಿಂತಿದ್ದರು. ಅಡೂರಿನವರು. ಹಿಂದಿನ ದಿನವೇ ಹೊಸಂಗಡಿಯ ನೆಂಟರ ಮನೆಗೆ ಬಂದು ಉಳಿದು, ಖಾಲಿ ಹೊಟ್ಟೆಯಲ್ಲಿ, ಮದ್ದು ಕಲಸಿ ಕುಡಿಯಲು ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. "ಕಾಮಾಲೆಗೆ ಮದ್ದು ಕೊಡುವ ಅಮ್ಮ ಇದ್ದಾರಾ?" ಎಂದರು. ನೀವೀಗ ಇಲ್ಲ ಎಂದು ಹೇಳಿ, ಮೊದಲು ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿ ಎಂದು ಕಳಿಸಿದೆ. "ಅಮ್ಮ ಇದ್ದಿದ್ರೆ ಕೊಡ್ತಿದ್ರು" ಎಂದು ಗೊಣಗಿಕೊಂಡೇ ಹೋದರು. ಅವರಿಗೇನು ಗೊತ್ತು? ನೀವು ಹೋಗಿ ವರ್ಷ ಕಳೆದರೂ ನಸುಕಿಗೆ ಸೊಪ್ಪು ಅರೆಯುವ ಸದ್ದು ಕೇಳಿ ನಾನು ಎದ್ದು ಕೂರುವುದುಂಟು. ಬದುಕಿದ್ದಾಗ ನನ್ನನ್ನು ಮಲಗಲು ಬಿಡದೆ ಎಬ್ಬಿಸಿದ್ದು ಸಾಲದೇ ನಿಮಗೆ?

ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಕೈ ಒತ್ತಿಕೊಂಡು ನೀವು ಕೂರುತ್ತಿದ್ದದ್ದು ಕಣ್ಣ ಮುಂದೆಯೇ ಇದೆ. "ಗ್ಯಾಸ್ ಮಾರಾಯ್ತಿ" ಎನ್ನುತ್ತಿದ್ದಿರಿ. ಸ್ಕ್ಯಾನ್ ಮಾಡಿಸುವ ಎಂದರೆ, "ನಿನಗೆ ಮಂಗಳೂರಿಗೆ ಹೋಗ್ಲಿಕ್ಕೆ ಒಂದು ನೆವ ಬೇಕು" ಎಂದು ನನ್ನ ಬಾಯಿ ಮುಚ್ಚಿಸಿದಿರಿ. ಆಮೇಲೆ ಕಣ್ಣು ಹಳದಿಯಾಯಿತು. ಮದ್ದು ಕೊಡುವವರಿಗೇ ಕಾಮಾಲೆ ಬಂದರೆ ಊರು ಏನೆಂದೀತು? ಬೆಳಕಿಗೆ ಬೆನ್ನು ಹಾಕಿ ಕೂತು ಬಂದವರಿಗೆ ಮದ್ದು ಕೊಟ್ಟಿರಿ. ನಿಮ್ಮ ಮದ್ದನ್ನು ನೀವೇ ಕುಡಿದಿರಿ. ಎಣ್ಣೆ, ಮೀನು, ತೆಂಗಿನಕಾಯಿ ಎಲ್ಲ ಬಿಟ್ಟು ಪಥ್ಯ ಹಿಡಿದಿರಿ. ನೋವು ಅಡಗಿತು! "ನೋಡಿದ್ಯಾ?" ಎಂದು ಗೆದ್ದವರ ಹಾಗೆ ನನ್ನತ್ತ ನೋಡಿದಿರಿ. ಆದರೆ ಮೈ ತುರಿಕೆ ಬಿಡಲಿಲ್ಲ. ಒಂದು ಮಧ್ಯಾಹ್ನ ಚಳಿಜ್ವರ ಬಂದು ನಿಮ್ಮ ಹಲ್ಲು ಕಟಕಟ ಎನ್ನತೊಡಗಿದಾಗ, ನಿಮ್ಮನ್ನು ಕೇಳದೆಯೇ ಕಾರಿಗೆ ಹತ್ತಿಸಿ ಮಂಗಳೂರಿಗೆ ಒಯ್ದೆವು.

ಆ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಿಮ್ಮ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕೂತಿದ್ದರು. "ಕಾಮಾಲೆ ಅನ್ನೋದು ಒಂದೇ ರೋಗ ಅಲ್ಲ ಅಮ್ಮಾ. ಕೆಟ್ಟ ನೀರಿನಿಂದ ಲಿವರಿಗೆ ಬರುವ ಕಾಮಾಲೆ ಹೆಚ್ಚಿನವರಿಗೆ ವಿಶ್ರಾಂತಿಯಲ್ಲೇ ಗುಣ ಆಗ್ತದೆ. ನಿಮ್ಮದು ಹಾಗಲ್ಲ. ಪಿತ್ತಕೋಶದಲ್ಲಿ ಕಲ್ಲು ಉಂಟು, ಒಂದು ಜಾರಿ ನಾಳಕ್ಕೆ ಅಡ್ಡ ಕೂತಿದೆ. ಪಿತ್ತ ಕರುಳಿಗೆ ಇಳಿಯುವುದಿಲ್ಲ. ಮಲ ಬಿಳಿಯಾಗುವುದು, ಮೈ ತುರಿಸುವುದು ಎಲ್ಲ ಅದಕ್ಕೇ. ಎಣ್ಣೆ ಬಿಟ್ಟದ್ದಕ್ಕೆ ನೋವು ಅಡಗಿತು ಅಷ್ಟೆ." ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲು ತೆಗೆದರು. ಆದರೆ ಸೋಂಕು ಆಗಲೇ ರಕ್ತಕ್ಕೆ ಸೇರಿತ್ತು.

ಐಸಿಯುವಿನೊಳಗೆ ನನ್ನನ್ನು ಬಿಟ್ಟಾಗ ನೀವು ಮಗನನ್ನು ಕೇಳಲಿಲ್ಲ, ಮೊಮ್ಮಕ್ಕಳನ್ನು ಕೇಳಲಿಲ್ಲ. "ಆ ಕುಸುಮನಿಗೂ ತುರಿಕೆ ಇತ್ತಲ್ಲ?" ಎಂದಿರಿ. ಬೀಡಿ ಕಟ್ಟುತ್ತಿದ್ದ ಕುಸುಮ, ನಿಮ್ಮ ಮದ್ದು ಕುಡಿದು ಹೋದವಳು ಆಮೇಲೆ ಈ ಕಡೆ ಬಂದಿರಲೇ ಇಲ್ಲ. ಗುಣವಾದವರು ಬಾಳೆಗೊನೆ ಹಿಡಿದು ಬಂದು ನಿಮ್ಮ ಕಾಲಿಗೆ ಬೀಳುತ್ತಿದ್ದರು. ಬಾರದವರು ಏನಾದರು ಎಂದು ನಮ್ಮ ಮನೆಯಲ್ಲಿ ಯಾರಾದರೂ ಯೋಚಿಸಿದ್ದುಂಟೇ? "ನೀನು ಹೋಗಿ ಕೇಳಿ ಬಾ. ಅವಳಿಗೂ ನನ್ನ ಹಾಗೇ..." ಎಂದಿರಿ. ಮಾತು ಅಲ್ಲಿಗೇ ನಿಂತಿತು. ಆ ಅರ್ಧ ಮಾತು ನನ್ನ ಬೆನ್ನು ಬಿಡಲಿಲ್ಲ ಅತ್ತೇ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಹಿಂದಿನಿಂದ ಯಾರೋ ಅದನ್ನೇ ಹೇಳಿದಂತಾಗಿ ತಿರುಗಿ ನೋಡುತ್ತಿದ್ದೆ.

ಕಳೆದ ವಾರ ಧೈರ್ಯ ಮಾಡಿ ಹೋದೆ. ಕುಸುಮನ ಗಂಡ ನಾರಾಯಣಣ್ಣ ಜಗಲಿಯಲ್ಲಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರೇ ತಲೆ ತಗ್ಗಿಸಿದರು. "ನಾಚಿಕೆ ಆಗಿ ನಿಮ್ಮ ಮನೆ ಕಡೆ ಬರ್ಲಿಲ್ಲ ಅಕ್ಕ. ಅಮ್ಮ ಒಳ್ಳೇ ಮದ್ದು ಕೊಟ್ಟಿದ್ರು. ಪಥ್ಯ ಮುರಿದದ್ದು ನಾನು. ಬಾಯಿ ಸಪ್ಪೆ ಅಂತ ಅವಳು ಅತ್ತಳು. ಪಾಪ ಅನ್ನಿಸಿ ಒಂದು ಚಮಚ ಬೂತಾಯಿ ಮೀನಿನ ಸಾರು ಅನ್ನಕ್ಕೆ ಹಾಕಿ ಕೊಟ್ಟೆ. ಮರುದಿನವೇ ಚಳಿಜ್ವರ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಪಿತ್ತನಾಳಕ್ಕೆ ಕಲ್ಲು ಅಡ್ಡ ಕೂತಿದೆ, ತಡ ಆಯ್ತು ಅಂದ್ರು. ಎಲ್ಲ ಆ ಸಾರಿನಿಂದ ಆದದ್ದು." ಅವಳು ಹೋದಂದಿನಿಂದ ಆ ಮನೆಯಲ್ಲಿ ಮೀನು ಬೇಯಿಸಿಲ್ಲವಂತೆ.

ಸುಮ್ಮನೆ ತಲೆಯಾಡಿಸಿ ಬಂದಿದ್ದರೆ ನಿಮ್ಮ ಹೆಸರು ಉಳಿಯುತ್ತಿತ್ತು. ಎಷ್ಟು ಸುಲಭವಿತ್ತು! ನೀವು ಅಲ್ಲೇ ಅಂಗಳದಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದೀರಿ ಎನ್ನಿಸಿ ನನಗೆ ಹೆದರಿಕೆಯಾಯಿತು. ಆದರೂ ಹೇಳಿದೆ. "ಒಂದು ಚಮಚ ಸಾರಿನಿಂದ ಕಲ್ಲು ಆಗುವುದಿಲ್ಲ ನಾರಾಯಣಣ್ಣ. ಅದು ಮೊದಲೇ ಇತ್ತು. ಅದಕ್ಕೆ ನಮ್ಮ ಮದ್ದು ಎಂತ ಮಾಡ್ಲಿಕ್ಕೂ ಆಗ್ತಿರ್ಲಿಲ್ಲ. ಅದನ್ನು ನಂಬಿ ಕೂತದ್ದರಲ್ಲಿ ಹೊತ್ತು ಮೀರಿತು."

"ಹಾಗಾದ್ರೆ ನಾನು ಕೊಟ್ಟ ಸಾರಿನಿಂದ ಅಲ್ವಾ?"

"ಅಲ್ಲ."

"ಸರಿಯಾಗಿ ಹೇಳಿ ಅಕ್ಕ. ಅಲ್ವಾ?"

ಅಲ್ಲ ಎಂದು ಮತ್ತೆ ಹೇಳಿದೆ. ಅವರು ಕಂಬಕ್ಕೆ ಹಣೆ ಒತ್ತಿ ಮಗುವಿನ ಹಾಗೆ ಅತ್ತರು. ಅತ್ತು ಮುಗಿದ ಮೇಲಾದರೂ ನಿಮ್ಮನ್ನು ಬೈಯಲಿ ಎಂದು ನಾನು ಕಾದೆ. ಅವರು ಮುಖ ಒರೆಸಿಕೊಂಡು, "ಅಮ್ಮನಿಗೆ ಇದು ಗೊತ್ತಾಗಿತ್ತಾ?" ಎಂದಷ್ಟೇ ಕೇಳಿದರು.

"ಕೊನೆಗೆ ಗೊತ್ತಾಯ್ತು. ನನ್ನನ್ನು ಇಲ್ಲಿಗೆ ಕಳಿಸಿದ್ದು ಅವರೇ" ಎಂದೆ.

ಇನ್ನು ಈ ಮನೆಯಲ್ಲಿ ಮದ್ದು ಅರೆಯುವುದಿಲ್ಲ. ಸಿಟ್ಟು ಬಂದರೆ ಬರಲಿ, ನಿಮ್ಮ ಸಿಟ್ಟು ನನಗೆ ಹೊಸತಲ್ಲ. ನೀವು ಕೇಳಿ ಬಾ ಎಂದಿರಿ, ಕೇಳಿ ಬಂದೆ. ಹೌದು ಅತ್ತೇ, ಅವಳಿಗೂ ನಿಮ್ಮ ಹಾಗೇ ಆಗಿತ್ತು.

ನಿಮ್ಮ ಸೊಸೆ