ಹಾರ ಮುಳುಗಲಿಲ್ಲ

ಫೆಬ್ರವರಿ 5, 2016. ಶುಕ್ರವಾರ

ಸಂಜೆಯೆಲ್ಲ ಚೆಂಡುಹೂ ಬಿಡಿಸಿದೆ. ಅಂಗಡಿಯವರು ಪ್ಲಾಸ್ಟಿಕ್ ದಾರದಲ್ಲಿ ಪೋಣಿಸಿದ್ದರು. ದಾರ ಕಸದ ಬುಟ್ಟಿಗೆ, ಹೂ ಸ್ಟೀಲ್ ಡಬ್ಬಿಗೆ. ನಾಳೆ ಬೆಳಿಗ್ಗೆ ಗ್ಯಾಲ್ವೆಸ್ಟನ್ ಬಂದರಿನಿಂದ ಬೋಟ್. ಆಸ್ಟಿನ್‌ನಲ್ಲಿದ್ದ ಮೋಹನರಾಜ ದೊಡ್ಡಮಾವನ ಅಸ್ಥಿ ಬಿಡುವುದು. ಗಂಗೆ, ಕಾವೇರಿ ಏನೂ ಬೇಡ, ಇಲ್ಲೇ ಗಲ್ಫ್‌ನಲ್ಲಿ, ಈ ಮೆಕ್ಸಿಕೊ ಕೊಲ್ಲಿಯಲ್ಲೇ ಬಿಡಿ ಅಂದಿದ್ದರಂತೆ.

ನಿಯಮ ಓದಿ ಹೇಳುವ ಕೆಲಸ ನನ್ನದು. ಎಂ.ಎ. ಇಂಗ್ಲಿಷ್ ಅಲ್ಲವೇ! ದಡದಿಂದ ಮೂರು ನಾಟಿಕಲ್ ಮೈಲಿ ಆಚೆ ಹೋಗಬೇಕು. ಕೊಳೆಯುವ ಹೂ ಆಗಬಹುದು, ಪ್ಲಾಸ್ಟಿಕ್ ಕೂಡದು. ಮೂವತ್ತು ದಿನದೊಳಗೆ ಡಲ್ಲಾಸ್‌ನ ಪರಿಸರ ಕಚೇರಿಗೆ ವರದಿ.

"ಕುಡಿಕೆಗೆ ಸುತ್ತಿರೋ ಬಟ್ಟೆ? ಹತ್ತೀದೇ ತಾನೇ?" — ಲಕ್ಷ್ಮೀನಾರಾಯಣ ಮಾವ, ನನ್ನ ಸೋದರಮಾವ, ದೊಡ್ಡಮಾವನ ತಮ್ಮ. ನಾನಿರುವುದು ಇವರ ಮನೆಯಲ್ಲೇ. ಇಲ್ಲಿಯ ತೈಲ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ಬಟ್ಟೆಯ ಒಂದು ಎಳೆ ಕಿತ್ತು ಸುಟ್ಟು, ಮೂಸಿ ನೋಡಿದ ಮೇಲೆ ಸಮಾಧಾನ.

ಫೆಬ್ರವರಿ 6. ಶನಿವಾರ, ಸಂಜೆ

ಆಯಿತು. ಸಮುದ್ರ ಶಾಂತವಾಗಿತ್ತು. ಮಾವನ ಮಗಳು ಸಾನ್ವಿ ಮಾತ್ರ ವಾಂತಿ ಮಾಡಿಕೊಂಡು ವಸಂತತ್ತೆಯ ಮಡಿಲಲ್ಲಿ ಮಲಗಿದ್ದಳು. ಹದಿನೈದರ ಹುಡುಗಿ, ಮಗುವಿನ ಹಾಗೆ.

ಮೂರು ಮೈಲಿ ದಾಟಿದ್ದನ್ನು ನೋಡಿಕೊಂಡು ಕ್ಯಾಪ್ಟನ್ ಎಂಜಿನ್ ನಿಲ್ಲಿಸಿದ. ಕುಡಿಕೆ ಮುಳುಗಿತು. ಹೂ ಹರಡಿತು. ಎಲ್ಲ ಸರಿಯಾಗಿತ್ತು. ಆಮೇಲೆ ಮಾವ, ತೊಡೆಯ ಮೇಲಿಟ್ಟುಕೊಂಡಿದ್ದ ದೊಡ್ಡಮಾವನ ಫೋಟೋದಿಂದ ಗಂಧದ ಹಾರ ತೆಗೆದರು. "ಹೋಗ್ಬಾ ಅಣ್ಣಾ" ಅಂದರು. ಎಸೆದರು.

ಆ ಹಾರ ನನಗೆ ಗೊತ್ತು. ವಾರದ ಹಿಂದೆ ಫೋಟೋ ಒರೆಸುವಾಗ ಒಂದು ಗುಂಡು ಒಡೆದಿತ್ತು. ಮೇಲೆ ಮರದ ಸಿಪ್ಪೆ, ಒಳಗೆ ಬಿಳಿ ಥರ್ಮೋಕೋಲ್. ನಡುನಡುವೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಮಣಿ. ನೈಲಾನ್ ದಾರ.

ಮಾವನ ಕೈ ಮೇಲೆದ್ದಾಗಲೇ ಬಾಯಿ ತೆರೆದೆ. ಮಾವನ ಕೆನ್ನೆ ಒದ್ದೆಯಾಗಿತ್ತು. ಅಳುತ್ತಿರುವವರನ್ನು ತಡೆಯುವುದು ಹೇಗೆ?

ಹಾರ ಮುಳುಗಲಿಲ್ಲ. ಬೋಟ್ ತಿರುಗುವವರೆಗೂ ಹೂಗಳ ನಡುವೆ ಮಿಂಚುತ್ತಲೇ ಇತ್ತು.

ಫೆಬ್ರವರಿ 8. ಸೋಮವಾರ

ಲೈಬ್ರರಿಯಲ್ಲಿ ಕೆಲಸದ ನಡುವೆ ಹುಡುಕಿ ಓದಿದೆ. ಈ ಸಮುದ್ರ ಒಬ್ಬರದ್ದಲ್ಲ. ಮೆಕ್ಸಿಕೊ, ಕ್ಯೂಬಾ, ಇತ್ತ ಅಮೆರಿಕದವರು. ಮೂವರೂ ಹಂಚಿಕೊಂಡ ನೀರು. ಹಡಗಿನವರು ಒಂದು ಪ್ಲಾಸ್ಟಿಕ್ ಚೀಲವನ್ನೂ ಎಸೆಯಕೂಡದಂತೆ. ಆಮೆಗಳು ತೇಲುವ ಚೂರುಗಳನ್ನು ಆಹಾರವೆಂದು ತಿನ್ನುತ್ತವಂತೆ.

ಥರ್ಮೋಕೋಲ್ ಗುಂಡು ನುಂಗುವ ಆಮೆ ಕಣ್ಣ ಮುಂದೆ ಬಂತು. ಊಟ ಸೇರಲಿಲ್ಲ.

ಫೆಬ್ರವರಿ 20. ಶನಿವಾರ

ಅತ್ತೆಗೆ ಹೇಳಿಬಿಟ್ಟೆ. ಅವರು ದೋಸೆ ಹುಯ್ಯುತ್ತಿದ್ದರು, ನನ್ನ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಹೇಳಲು ಆಯಿತು.

"ಅಯ್ಯೋ, ಮೈಸೂರಲ್ಲಿ ಅಸಲಿ ಗಂಧ ಅಂತ ಕೊಟ್ನಲ್ಲೇ ಆ ಪುಣ್ಯಾತ್ಮ!" ಅಂದರು ವಸಂತತ್ತೆ. ದೋಸೆ ಸೀದಿತು.

ಫೆಬ್ರವರಿ 21. ಭಾನುವಾರ

ಅತ್ತೆ ಊಟಕ್ಕೆ ಕೂತಾಗ ವಿಷಯ ತೆಗೆದೇಬಿಟ್ಟರು. ವರದಿ ಇನ್ನೂ ಕಳಿಸಿಲ್ಲ. ಪ್ಲಾಸ್ಟಿಕ್ ಏನಾದರೂ ಹಾಕಿದಿರಾ ಎಂಬುದಕ್ಕೆ ಏನು ಬರೆಯುವುದು?

"ಇಲ್ಲ ಅಂತ ಬರಿ" ಅಂದರು ಮಾವ.

"ಏನ್ರೀ, ಆಫೀಸಲ್ಲಿ ಒಂದು ಲೋಟ ಡೀಸೆಲ್ ಚೆಲ್ಲಿದ್ರೂ ಮೂರು ಪುಟ ರಿಪೋರ್ಟ್ ಬರೆಸ್ತೀರಿ!"

"ವಸಂತಾ, ನಂದು ಸಿಟಿಜನ್‌ಶಿಪ್ ಇಂಟರ್‌ವ್ಯೂ ಮಾರ್ಚ್ ಹತ್ತಕ್ಕೆ. ಅರೆಸ್ಟ್ ಆಗದೇ ಇದ್ರೂ ಯಾವತ್ತಾದ್ರೂ ಅಪರಾಧ ಮಾಡಿದ್ಯಾ ಅಂತ ಕೇಳ್ತಾರೆ. ಕೇಳೇ ಕೇಳ್ತಾರೆ. ಹದಿನಾರು ವರ್ಷ ಕಾದಿದೀನಿ. ಒಂದು ಹಾರಕ್ಕೆ ಎಲ್ಲಾ ಹೋಗ್ಬೇಕಾ?"

"ಡ್ಯಾಡ್, ಯು ಲಿಟರ್ಡ್ ಇನ್ ದಿ ಓಶನ್" ಅಂದಳು ಸಾನ್ವಿ, ಫೋನಿನಿಂದ ತಲೆ ಎತ್ತದೆ. ಅಪ್ಪ ಸಮುದ್ರಕ್ಕೆ ಕಸ ಎಸೆದರು ಅಂತ ಅವಳ ಆರೋಪ.

"ನೀನು ಅನ್ನ ತಿನ್ನು."

ನಾನು ತಟ್ಟೆ ತೊಳೆಯಲು ಎದ್ದೆ. ವರದಿ ಬರೆಯುವ ಕೈ ನನ್ನದು. ಸುಳ್ಳು ಬರೆದರೆ ಅದು ನನ್ನ ಸುಳ್ಳು. ನಿಜ ಬರೆದರೆ ಮಾವನ ಹದಿನಾರು ವರ್ಷ...

ಫೆಬ್ರವರಿ 29. ಸೋಮವಾರ

ಎರಡು ಪ್ರತಿ ಮಾಡಿದ್ದೇನೆ. ಒಂದರಲ್ಲಿ ಹಾರ ಇದೆ, ಇನ್ನೊಂದರಲ್ಲಿ ಇಲ್ಲ. ಹಾರ ಇಲ್ಲದ್ದು ಓದಲು ಚೆನ್ನಾಗಿದೆ. ಅದೇ ಕಷ್ಟ.

ವರದಿಗೆ ಇನ್ನು ಏಳು ದಿನ.

ಮಾರ್ಚ್ 3. ಗುರುವಾರ

ಮಾವ ರಜೆ ಹಾಕಿ ಆಸ್ಟಿನ್‌ಗೆ ಹೊರಟರು. ದೊಡ್ಡಮಾವನ ಅಪಾರ್ಟ್‌ಮೆಂಟ್ ಖಾಲಿ ಮಾಡಿ ಬೀಗದ ಕೈ ಒಪ್ಪಿಸಬೇಕು. ಪುಸ್ತಕ ವಿಂಗಡಿಸಲು ನಾನು.

ವಾಪಸ್ ಬರುವಾಗ ಕಾರಿನಲ್ಲಿ ನಾವಿಬ್ಬರೇ. ಹಿಂದೆ ರಟ್ಟಿನ ಪೆಟ್ಟಿಗೆಗಳು. ಮಾವ ಎದುರಿನ ರಸ್ತೆ ನೋಡುತ್ತಿದ್ದರು, ನನ್ನನ್ನಲ್ಲ. ದೋಸೆಯ ದಿನದ ಹಾಗೆಯೇ.

"ಮಾವ, ಅವತ್ತು ಹಾರ ಎಸೆಯೋ ಮುಂಚೇನೇ ನಂಗೆ ಗೊತ್ತಿತ್ತು. ಪ್ಲಾಸ್ಟಿಕ್ ಅಂತ. ಹೇಳ್ಳಿಲ್ಲ. ತಪ್ಪು ನಂದು. ಹಾಗಂತಾನೇ ಬರೀತೀನಿ."

ಒಂದು ಊರು ದಾಟಿತು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಇಳಿಯಲಿಲ್ಲ.

"ನಂಗೂ ಗೊತ್ತಾಯ್ತು ಕಣೇ. ತೇಲಿದ ರೀತೀಲೇ. ಕೋಲಲ್ಲಿ ಎಳ್ಕೊಳ್ಳಿ ಅಂತ ಕ್ಯಾಪ್ಟನ್‌ಗೆ ಹೇಳ್ಬಹುದಿತ್ತು. ಅಣ್ಣನ ಹಾರ ಕೊಕ್ಕೆ ಹಾಕಿ ಎಳೆಯೋದಾ ಅನ್ನಿಸ್ತು..." ಎಂಜಿನ್ ಆರಿಸಿದರು. "ಇಂಟರ್‌ವ್ಯೂ ಭಯ ಸುಳ್ಳಲ್ಲ. ಆದ್ರೆ ಅವನ ಕಡೇ ಕೆಲಸಾನ ತಪ್ಪು ಅಂತ ಕಾಗದದ ಮೇಲೆ ಹಾಕೋಕೆ ಮನಸ್ಸು ಬರ್ಲಿಲ್ಲ ಮಹತಿ."

ಕರ್ಚೀಫ್ ಕೊಟ್ಟೆ.

"ಬರಿ. ಆದ್ರೆ ನಿನ್ನ ಹೆಸರು ಬೇಡ. ಎಸೆದೋನು ನಾನು."

ಮಾರ್ಚ್ 4. ಶುಕ್ರವಾರ

ಡಲ್ಲಾಸ್‌ಗೆ ಫೋನ್ ಮಾಡಿದೆ. ನಾನೇ! ಮಾತಾಡುವುದನ್ನು ಮೊದಲು ಬರೆದಿಟ್ಟುಕೊಂಡೆ. ಆ ಕಡೆ ಒಬ್ಬ ಹೆಂಗಸು, ವಯಸ್ಸಾದ ದನಿ. ಬರೆದಿದ್ದೆಲ್ಲ ಮರೆತುಹೋಯಿತು. ಹಾರ, ಥರ್ಮೋಕೋಲ್, ಮಾವ, ಆಮೆ ಎಲ್ಲ ಒಂದೇ ಉಸಿರಿನಲ್ಲಿ.

ಆಕೆ ಪೂರ್ತಿ ಕೇಳಿದರು. ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿ ಅಂದರು. ಹಾರ ಎಷ್ಟು ಉದ್ದ ಅಂತ ಕೇಳಿದರು. ಮುಂದೆ ಯಾರಾದರೂ ಹೋದರೆ ಬರಿ ಹೂ ಒಯ್ಯಲು ಹೇಳಿ ಅಂದರು. ಇಷ್ಟೇನಾ ಅಂದೆ. ನಕ್ಕರು. "ಐ ಆಮ್ ಸಾರಿ ಫಾರ್ ಯುವರ್ ಲಾಸ್, ಹನಿ."

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಎಷ್ಟೋ ದಿನಗಳ ಮೇಲೆ ಇವತ್ತು ಸರಿಯಾಗಿ ಹಸಿವಾಯಿತು.

ವರದಿ ಹೋಯಿತು. ಹಾರ ಇರುವ ಪ್ರತಿ. ಮಾವನ ಸಹಿ.

ಮಾರ್ಚ್ 10. ಗುರುವಾರ

ಮಧ್ಯಾಹ್ನದವರೆಗೂ ಮಾವನ ಫೋನಿಲ್ಲ. ಅತ್ತೆ ಅದೇ ಅಡುಗೆಕಟ್ಟೆಯನ್ನು ನಾಲ್ಕು ಸಲ ಒರೆಸಿದರು.

ಎರಡು ಗಂಟೆಗೆ ಕಾರು ಬಂತು. ಮಾವ ಟೈ ಬಿಚ್ಚುತ್ತಲೇ ಒಳಗೆ ಬಂದರು, ನೀರು ಕುಡಿದರು.

"ಏನ್ರೀ ಆಯ್ತು? ಬಾಯಿ ಬಿಡಿ!"

"ಇಂಟರ್‌ವ್ಯೂ ಆಫೀಸರ್ ಆ ಅಪರಾಧದ ಪ್ರಶ್ನೆ ಕೇಳಿದ್ಲು. ಎಸ್ ಅಂದೆ."

"ಎಸ್ ಅಂದ್ರಾ!"

"ಅವಳು ಪೆನ್ ಕೆಳಗಿಟ್ಲು. ಮಹತಿ ಬರೆದ ವರದಿ ಕಾಪಿ ಕೊಟ್ಟೆ. ಓದಿದ್ಲು. ನಿಧಾನಕ್ಕೆ, ಎರಡ್ ಸಲ. ಹಾರ ಯಾಕೆ ಹಾಕ್ತಾರೆ ಅಂತ ಕೇಳಿದ್ಲು. ಹೇಳ್ದೆ. ನಮ್ಮ ತಾತಂದೂ ಇದೇ ಗಲ್ಫಲ್ಲೇ ಬಿಟ್ವಿ ಅಂದ್ಲು. ಆಮೇಲೆ ಮುಂದಿನ ಪ್ರಶ್ನೆ."

"ಅಂದ್ರೆ?"

"ಅಂದ್ರೆ ಪಾಸು ಕಣೇ."

ಅತ್ತೆ ಒರೆಸುವ ಬಟ್ಟೆಯಲ್ಲೇ ಅವರ ಬೆನ್ನಿಗೆ ಹೊಡೆದರು. ಅತ್ತರು. ಸಾನ್ವಿ ಸ್ಕೂಲಿನಿಂದ ಬಂದವಳು, "ಸೋ ಯು ಕನ್ಫೆಸ್ಡ್?" ಅಂದಳು. ಮಾವ ಎದೆ ಉಬ್ಬಿಸಿ ಹೌದು, ಒಪ್ಪಿಕೊಂಡೆ ಅಂದರು.

ಮಾರ್ಚ್ 13. ಭಾನುವಾರ

ಪಕ್ಕದ ಸೈಪ್ರೆಸ್ ಊರಿನ ನಂದಕುಮಾರ್ ಅಂಕಲ್ ಫೋನ್ ಮಾಡಿದ್ದಾರೆ. ಅವರ ತಂದೆಯ ಅಸ್ಥಿ ಬಿಡಬೇಕಂತೆ, ಹೇಗೆ ಏನು ಅಂತ. ಮಾವ ಹಾಲ್‌ನಲ್ಲಿ ಓಡಾಡುತ್ತ ವಿವರಿಸುತ್ತಿದ್ದಾರೆ. ಹೂ ಮಾತ್ರ, ದಾರ ಬಿಚ್ಚಿ, ಬಟ್ಟೆ ಸುಟ್ಟು ನೋಡಿ. ಆಮೇಲೆ ನಮ್ಮ ಕಥೆ ಶುರುವಾಯಿತು. ಅದರಲ್ಲಿ ಅಲೆ ಎರಡಾಳೆತ್ತರ, ಹಾರ ಆರಡಿ.

"ಒಂದೂವರೆ ಅಡಿ, ಮಾವ!" ಅಂತ ಇಲ್ಲಿಂದಲೇ ಕೂಗಿದೆ.

ಈಗ "ತಾಳಿ, ನಮ್ಮ ಮಹತಿ ಹತ್ರಾನೇ ಕೇಳಿ" ಅನ್ನುತ್ತ ಫೋನ್ ಹಿಡಿದುಕೊಂಡು ಈ ಕಡೆಗೇ ಬರು—