ಆಮೆಗಳ ಪುಸ್ತಕಕ್ಕೆ ಎರಡು ಆಧಾರ

ಮಾರ್ಚ್ ೪, ಮಂಗಳವಾರ

ಏಳನೇ ತರಗತಿಯ ಆ ಉದ್ದ ಜಡೆಯವಳು ಇನ್ನೂ ನನ್ನ ತಲೆ ತಿನ್ನುತ್ತಿದ್ದಾಳೆ. ಯಾರು ಏನೇ ಹೇಳಿದರೂ ಎರಡು ಆಧಾರ ಸಿಗದೆ ನಂಬಬೇಡಿ ಎಂದು ಗ್ರಂಥಾಲಯದ ಪಾಠದಲ್ಲಿ ತಿಂಗಳಿಂದ ಬಡಿದುಕೊಂಡವಳು ನಾನೇ. ಇವತ್ತು ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ, "ಆಮೆಗಳ ಪುಸ್ತಕ ನೀನು ವಾಪಸ್ ಕೊಟ್ಟಿಲ್ಲ" ಎಂದೆ.

"ಕೊಟ್ಟಿದೀನಿ ಮಿಸ್. ಕೊಟ್ಟಿಲ್ಲ ಅನ್ನೋಕೆ ಆಧಾರ ಏನು?"

ರಿಜಿಸ್ಟರ್ ತೋರಿಸಿದೆ.

"ಇದು ಒಂದೇ ಆಯ್ತಲ್ಲ ಮಿಸ್. ಬರೆದಿದ್ದೂ ನೀವೇ."

ಇಡೀ ತರಗತಿ ಕಿಸಕ್ಕೆಂದಿತು. "ನೋಡೋಣ" ಎಂದು ಕಪಾಟಿನ ಹಿಂದೆ ಹೋಗಿ ನಿಂತೆ. ಅಷ್ಟು ಚೆನ್ನಾಗಿ ಕಲಿಸಬಾರದಿತ್ತು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿ ಗೊಣಗಿದೆ. ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ.

"ರಟ್ಟಿನ ಮೇಲೆ ದೊಡ್ಡ ಆಮೆ ಇರೋದಾ? ಹೋದ ವಾರ ನೀನೇ ಮನೆಗೆ ತಂದ್ಯಲ್ಲೇ."

"ಇಲ್ಲ ಅತ್ತೆ, ನಿಮಗೆಲ್ಲೋ ಮರೆವು."

ಅವರು ಎದ್ದು ಹೋಗಿ ದಿಂಬಿನಡಿಯಿಂದ ಪುಸ್ತಕ ತಂದರು. ಒಳಗೆ ಶಾಲೆಯ ಮುದ್ರೆ, ಗುರುತಿಗೆ ಅವರ ಕನ್ನಡಕ ಒರೆಸುವ ಬಟ್ಟೆ. ಪಾಠಕ್ಕೆ ಬೇಕೆಂದು, ಹುಡುಗಿ ಕೊಟ್ಟ ಕೂಡಲೇ ನನ್ನ ಚೀಲಕ್ಕೆ ಹಾಕಿಕೊಂಡವಳು ರಿಜಿಸ್ಟರಿನಲ್ಲಿ ಅವಳ ಹೆಸರಿಗೆ ಗೀಟೆಳೆಯುವುದನ್ನೇ ಮರೆತಿದ್ದೇನೆ! ಕೈ ಚಾಚಿದೆ. ಅತ್ತೆ ಪುಸ್ತಕವನ್ನು ಎದೆಗವಚಿಕೊಂಡರು.

"ಅರ್ಧ ಓದಿದೀನಿ. ಮುಗಿಯೋವರೆಗೂ ಕೊಡಲ್ಲ."

ಅವರ ಕೋಣೆಯಲ್ಲಿ ಇನ್ನೂ ದೀಪ ಆರಿಲ್ಲ. ನಾಳೆ ಎಲ್ಲರ ಮುಂದೆ ಕ್ಷಮೆ ಕೇಳಬೇಕು. ಕೇಳಿದೆ ಅನ್ನೋಣ. ಜಡೆಯವಳು ತಕ್ಷಣ ಕೈ ಎತ್ತುತ್ತಾಳೆ: "ಪುಸ್ತಕ ಎಲ್ಲಿ ಮಿಸ್?" ನಮ್ಮತ್ತೆ ಓದುತ್ತಿದ್ದಾರೆ ಎಂದರೆ ಆಧಾರ ಕೇಳದೆ ಬಿಡುವವಳಲ್ಲ. ಅತ್ತೆಯನ್ನೇ ಕರೆದುಕೊಂಡು ಹೋದರೂ ಅವರು ಒಂದೇ ಆಧಾರ, ಇನ್ನೊಂದಕ್ಕೆ ಎಲ್ಲಿ ಹೋಗಲಿ?