ಗಂಟೆಕುದುರೆಗೆ ಬಿನ್ನಹ

ಕುರಿಟಿಬಾ,
ಜೂನ್ ತಿಂಗಳ ಮಂಗಳವಾರ, ಮಂಜು ಇನ್ನೂ ಕರಗದ ಬೆಳಗು

ಸೌದೆಯೊಲೆ ಸಾಮ್ರಾಜ್ಯದ ಏಕಚಕ್ರಾಧಿಪತಿಗಳೂ, ಪಿನ್ಯಾವ್ ಬೀಜಭಂಡಾರದ ರಕ್ಷಾಮಣಿಗಳೂ, ಸಮಸ್ತ ಅಳಿಯಂದಿರ ಗರ್ವಭಂಜನರೂ, ಲಾಪ ಪಟ್ಟಣದ ಸಕಲ ಕೋಳಿಗಳಿಂದ ಮುಂಜಾನೆ ಮುಂಜಾನೆ ಸ್ತುತಿಸಲ್ಪಡುವವರೂ ಆದ ಶ್ರೀಮನ್ಮಹಾಮಾತೆ ಲಿಯೊಕಾಡಿಯಾ ಅಜ್ಜಿಯವರ ಉಣ್ಣೆ ಕಾಲುಚೀಲ ತೊಟ್ಟ ಪಾದಾರವಿಂದಗಳಿಗೆ,

ಡಾಕ್ಟರಾಗಿಯೂ ಡಾಕ್ಟರಲ್ಲದ ಮೊಮ್ಮಗಳು ಜಸೀರಾ ಅಡ್ಡಬಿದ್ದು ಮಾಡಿಕೊಳ್ಳುವ ಬಿನ್ನಹ.

ತಾವು ಕ್ಷೇಮವೆಂದು ಅದೆಮಿರ್ ಮಾವನಿಂದ ತಿಳಿದು ಸಂತೋಷವಾಯಿತು. ಮಾವ ಬ್ರೆಡ್ ಅಂಗಡಿಯಲ್ಲಿ ನನ್ನ ಕೀರ್ತಿಯನ್ನು ಹಬ್ಬಿಸುತ್ತಿರುವುದೂ ತಿಳಿಯಿತು. "ನಮ್ಮ ಹುಡುಗಿ ಡಾಕ್ಟರೇ ಕಣ್ರೀ. ಆದ್ರೆ ಜ್ವರಕ್ಕೆ ಮಾತ್ರೆ ಕೇಳ್ಬೇಡಿ, ಅಷ್ಟೆಲ್ಲಾ ಓದಿಲ್ಲ ಅವಳು" ಎಂದರಂತೆ. ಇರಲಿ. ತಾವು ತಾವು ಎಂದು ಬರೆದು ನಾಲಿಗೆ ನೋಯುತ್ತಿದೆ ಅಜ್ಜಿ, ಇನ್ನು ಮುಂದೆ ನೀನು.

ಈಸ್ಟರ್ ಹಬ್ಬಕ್ಕೆ ಬಂದಾಗ ನೀನು ಕೇಳಿದ್ದೆ: "ಇಡೀ ದಿನ ಆ ಪೆಟ್ಟಿಗೆಯೊಳಗೆ ಏನ್ ನೋಡ್ತೀಯೇ?" ಆವತ್ತು ಬಾಯಿ ತುಂಬ ಕಡುಬಿತ್ತು, ಉತ್ತರ ಕೊಡಲಾಗಲಿಲ್ಲ. ಈಗ ಕೇಳು. ಜನರ ರಕ್ತವೂ ಕ್ಯಾನ್ಸರ್ ಗೆಡ್ಡೆಯ ಚೂರುಗಳೂ ಬೇರೆಲ್ಲೋ ಯಂತ್ರದೊಳಗೆ ಹೋಗಿ, ನನ್ನ ಬಳಿಗೆ ಬರುವಾಗ ಬರೀ ಅಂಕಿಗಳಾಗಿರುತ್ತವೆ. ಒಬ್ಬೊಬ್ಬರನ್ನೂ ಕಪ್ಪು ಪರದೆಯ ಮೇಲೆ ಒಂದೊಂದು ಬೆಳಕಿನ ಚುಕ್ಕಿಯಾಗಿ ಇಡುವುದು ನನ್ನ ಕೆಲಸ. ಒಳಗಿನ ಕೆಡುಕು ಒಂದೇ ತರಹ ಇದ್ದವರು ಹತ್ತಿರ ಹತ್ತಿರ ಕೂರುತ್ತಾರೆ. ಹೆಸರುಗಳನ್ನು ಮೊದಲೇ ತೆಗೆದಿರುತ್ತಾರೆ, ಯಾರು ಯಾರೆಂದು ನಮಗೆ ಗೊತ್ತಾಗಬಾರದು. ತೀರಿಹೋದ ಜುರೇಮಾ ಚಿಕ್ಕಮ್ಮನ ಗೆಡ್ಡೆಯ ಚೂರನ್ನು ಆಸ್ಪತ್ರೆಯವರು ಜೋಪಾನವಾಗಿಟ್ಟಿದ್ದರಲ್ಲ, ಮಗಳು ಸೊಲಾಂಜಿ ಸಹಿ ಹಾಕಿ ಅದನ್ನು ನಮ್ಮಲ್ಲಿಗೆ ಕಳಿಸಿಕೊಟ್ಟಳು. ಹಾಗಾಗಿ ಚಿಕ್ಕಮ್ಮನೂ ಆ ಆಕಾಶದಲ್ಲೆಲ್ಲೋ ಇದ್ದಾಳೆ. ಯಾವ ಚುಕ್ಕಿಯೋ ತಿಳಿಯದು. ಅದಕ್ಕೇ ಬೆಳಿಗ್ಗೆ ಸೋರೆಬುರುಡೆಗೆ ಮಾಟೆ ಸೊಪ್ಪು ತುಂಬಿ, ಬಿಸಿನೀರು ಹುಯ್ದು ಹೀರುತ್ತಾ ಕೂತವಳೇ ಎಲ್ಲರಿಗೂ ಒಟ್ಟಿಗೆ ನಮಸ್ಕಾರ ಹೇಳಿಬಿಡುತ್ತೇನೆ. ಎದುರು ಮೇಜಿನ ವಂಡರ್ಲೇ ಕೇಳುತ್ತಾನೆ, "ಅವರೇನಂದ್ರು?" "ಇನ್ನೂ ಎದ್ದಿಲ್ಲ" ಎನ್ನುತ್ತೇನೆ.

ನನ್ನ ಮಹಾಶೋಧನೆಯ ಕಥೆ ನಿನಗೆ ಮುಟ್ಟಿದೆಯೆಂದು ಬಲ್ಲೆ. ಮಾರ್ಚಿನಲ್ಲಿ ಕೆಲವು ಚುಕ್ಕಿಗಳು ಉಳಿದವರಿಂದ ದೂರ ಸರಿದು, ನಡುಗಡ್ಡೆಯ ಹಾಗೆ ಒಟ್ಟಾಗಿ ಹೊಳೆಯುತ್ತಿದ್ದವು. ಅಷ್ಟು ಚೆಂದದ ರೋಗವನ್ನು ನಾನು ಕಂಡಿರಲಿಲ್ಲ. ಹೊಸ ಬಗೆಯ ಕ್ಯಾನ್ಸರ್ ಎಂದು ಸಾರಿದೆ, ಕೇಕ್ ತರಿಸಿದರು. ಆಮೇಲೆ ನೋಡಿದರೆ ಆ ದ್ವೀಪವಾಸಿಗಳಿಗೆ ಇದ್ದ ನೆಂಟಸ್ತಿಕೆ ಒಂದೇ: ಎಲ್ಲರ ರಕ್ತವೂ ಒಂದೇ ಗುರುವಾರ ಯಂತ್ರದೊಳಗೆ ಹೋಗಿತ್ತು. ಯಂತ್ರಕ್ಕೆ ಆವತ್ತಿನ ಹದ ಬೇರೆ. "ಜಸೀರಾ ಗುರುವಾರ ಅನ್ನೋ ರೋಗ ಕಂಡುಹಿಡಿದಿದ್ದಾಳೆ, ವಾರಕ್ಕೊಂದ್ಸಲ ಎಲ್ರಿಗೂ ಬರತ್ತೆ" ಎಂದು ವಂಡರ್ಲೇ ಇಂದಿಗೂ ಆಡಿಕೊಳ್ಳುತ್ತಾನೆ.

ಆದರೆ ನಮ್ಮ ಮೇಲಧಿಕಾರಿ ನೋಯೆಮಿ ಮೇಡಂ ತೋರಿಸಿದ ಇನ್ನೊಂದು ಗುರುತು ಯಾವ ವಾರಕ್ಕೂ ಸೇರಿದ್ದಲ್ಲ. ಈ ಗುಡ್ಡಗಳ ಎಷ್ಟೋ ಮನೆಯವರ ವಂಶವಾಹಿಯಲ್ಲಿ, ಒಂದೇ ಜಾಗದಲ್ಲಿ, ಅದೇ ಒಂದು ಪುಟ್ಟ ಊನ. ಯಾವುದೋ ಕಾಲದ ಒಬ್ಬನೇ ಹಿರಿಯನಿಂದ ಬಂದದ್ದು, ಹೇಸರಗತ್ತೆ ಹೊಡೆಯುವವರ ದಾರಿ ಹಿಡಿದು ಊರಿಂದೂರಿಗೆ ನಡೆದಿರಬಹುದು ಎನ್ನುತ್ತಾರೆ ಅವರು. ಅದನ್ನು ಕೇಳಿದಂದಿನಿಂದ ನನ್ನ ಪರದೆ ಸರಿಯಿಲ್ಲ. ಊಟವಾದ ಮೇಲೆ ಕಣ್ಣು ಜೋಲಿದರೆ ಸಾಕು, ಚುಕ್ಕಿಗಳು ಎದ್ದು ಮೈ ಕೊಡವುತ್ತವೆ. ಒಂದರ ಹಿಂದೊಂದು ಹೇಸರಗತ್ತೆಗಳು ಮಂಜಿನೊಳಗಿಂದ ಬರುತ್ತವೆ, ಗೊರಸಿಗೆ ಸದ್ದೇ ಇಲ್ಲ. ಎಲ್ಲಕ್ಕೂ ಮುಂದೆ, ಕಾಣದಷ್ಟು ಮುಂದೆ, ಒಂದು ಗಂಟೆ ಮಾತ್ರ ಕೇಳುತ್ತದೆ.

ಆ ಗಂಟೆ ಯಾರದೆಂದು ನೀನೇ ನನಗೆ ಹೇಳಿದ್ದು. ನಿನ್ನ ಅಪ್ಪ ಮಂದೆ ಹೊಡೆಯುತ್ತಿದ್ದಾಗ ಒಂದು ಮುದಿ ಹೆಣ್ಣುಕುದುರೆಯ ಕೊರಳಿಗೆ ಗಂಟೆ ಕಟ್ಟಿ ಮುಂದೆ ಬಿಡುತ್ತಿದ್ದರಂತೆ. ಹೇಸರಗತ್ತೆಗಳು ಚಾಟಿಗೆ ಹೆದರವು, ಬೈಗುಳಕ್ಕೆ ಬಗ್ಗವು. ಅವಳು ಹೊಳೆಗಿಳಿದರೆ ತಾವೂ ಇಳಿಯುತ್ತವೆ, ಅವಳು ದಂಡೆಯಲ್ಲಿ ನಿಂತರೆ ನಿಂತೇಬಿಡುತ್ತವೆ.

ಅಜ್ಜಿ, ಈಗ ದಂಡೆಯಲ್ಲಿ ನಿಂತಿರುವುದು ನೀನು.

ಚಿಕ್ಕಮ್ಮನ ಚೂರಿನಲ್ಲಿ ಆ ಗುರುತು ಇತ್ತು ಎಂದು ಆಸ್ಪತ್ರೆಯಿಂದ ಸೊಲಾಂಜಿಗೆ ತಿಳಿಸಿದ್ದಾರೆ. ಅವಳಿಗೆ ಇದೆಯೋ ಇಲ್ಲವೋ, ಅವಳಿಂದ ಮಗ ಬೆಂತೊಗೆ ಹೋಗಿದೆಯೋ ಇಲ್ಲವೋ, ರಕ್ತ ನೋಡಿದರೆ ಮಾತ್ರ ಗೊತ್ತಾಗುವುದು. ಬೆಂತೊಗೆ ಎರಡು ವರ್ಷ. ಈ ಗುರುತಿನಿಂದ ಬರುವ ಕ್ಯಾನ್ಸರ್ ಒಮ್ಮೊಮ್ಮೆ ಅಷ್ಟು ಚಿಕ್ಕ ಮಕ್ಕಳನ್ನೇ ಹಿಡಿಯುತ್ತದೆ. ಮೊದಲೇ ಗೊತ್ತಿದ್ದರೆ ಆಗಾಗ ಹೊಟ್ಟೆ ಸ್ಕ್ಯಾನ್ ಮಾಡಿ, ಗೆಡ್ಡೆ ಕಾಳಿನಷ್ಟಿರುವಾಗಲೇ ತೆಗೆದುಬಿಡಬಹುದು. ಶನಿವಾರ ನಿಮ್ಮೂರ ಆರೋಗ್ಯ ಕೇಂದ್ರಕ್ಕೆ ರಕ್ತ ತೆಗೆಯಲು ನರ್ಸ್ ಬರುತ್ತಾಳೆ. "ಒಬ್ಬಳೇ ಹೋಗಕ್ಕೆ ಕಾಲೇ ಬರ್ತಿಲ್ಲ ಕಣೇ, ಅಜ್ಜಿ ಬಂದ್ರೆ ಬರ್ತೀನಿ" ಎಂದಳು ಸೊಲಾಂಜಿ. "ನಮ್ಮಮ್ಮ ಮಾಡದ್ದು ನಾನ್ಯಾಕೆ ಮಾಡ್ಲಿ" ಎಂದಳು ಅಮ್ಮ. "ಶನಿವಾರ ನಂಗೆ ಫುಟ್‌ಬಾಲ್ ಇದೆ" ಎಂದರು ಮಾವ. ಯಾವ ಶನಿವಾರ ಎಂದು ನಾನಿನ್ನೂ ಹೇಳಿರಲೇ ಇಲ್ಲ.

ನೀನೋ, "ದೇವ್ರು ಮುಚ್ಚಿಟ್ಟಿದ್ದನ್ನ ನಾನ್ಯಾಕೆ ಕೆದಕ್ಲಿ? ನಿನ್ನ ಯಂತ್ರ ಗುರುವಾರಾನೇ ರೋಗ ಅಂದಿತ್ತಲ್ಲ" ಎಂದೆ. ದೇವರು ಪೈನ್ ಮರದ ಎಲೆಯಡಿ ಮುಚ್ಚಿಟ್ಟ ಪಿನ್ಯಾವ್ ಬೀಜವನ್ನು ಪ್ರತಿ ಚಳಿಗಾಲವೂ ಕೋಲು ಹಿಡಿದು ಕೆದಕುವವರು ಯಾರೆಂದು ಇಲ್ಲಿ ಕೇಳುವುದಿಲ್ಲ, ನನಗೂ ಮರ್ಯಾದೆಯಿದೆ. ಯಂತ್ರದ ಮಾತಿಗೆ ಬಂದರೆ, ಒಬ್ಬರ ರಕ್ತವನ್ನು ಎರಡು ಬೇರೆ ದಿನ ನೋಡುತ್ತಾರೆ. ಎರಡೂ ಗುರುವಾರವಾಗದಂತೆ ನಾನೇ ಕಾವಲಿರುತ್ತೇನೆ.

ಆದರೆ ನಿನ್ನನ್ನು ತಡೆದಿರುವುದು ದೇವರೂ ಅಲ್ಲ, ಗುರುವಾರವೂ ಅಲ್ಲ. ಒಲೆಯ ಮುಂದೆ ಸೌಟು ಹಿಡಿದು ನಿಂತು, ಸೊಲಾಂಜಿಯ ಮುಖ ನೋಡದೆ, "ನನ್ನಿಂದ್ಲೇ ಹೋಗಿದ್ರೆ?" ಎಂದೆಯಂತೆ.

ಇಲ್ಲಿ ತಮಾಷೆ ಮಾಡುವುದಿಲ್ಲ ಅಜ್ಜಿ. ನಿನ್ನಿಂದಲೇ ಹೋಗಿದ್ದರೂ ನೀನು ಕೊಟ್ಟದ್ದಲ್ಲ. ನೀನು ಹುಟ್ಟುವ ಎಷ್ಟೋ ಮೊದಲೇ ಹೊರಟದ್ದು, ನಿನ್ನ ಮನೆಯಲ್ಲಿ ಒಂದು ರಾತ್ರಿ ತಂಗಿ ಮುಂದೆ ಹೋಯಿತು. ಅದೇ ದಾರಿಯಲ್ಲಿ ಚಿಕ್ಕಮ್ಮನಿಗೆ ನಿನ್ನ ವಕ್ರ ಹಲ್ಲು ಹೋಯಿತು, ಕಥೆ ಮುಗಿಯುವ ಮೊದಲೇ ನಗುವ ಚಾಳಿ ಹೋಯಿತು. ಅವಳು ಕೊನೆಯವರೆಗೂ ಹಾಗೇ ನಗುತ್ತಿದ್ದಳು, ನೀನೇ ಪಕ್ಕದಲ್ಲಿದ್ದೆ. ಮೇಲಾಗಿ ಅದು ಅಜ್ಜನ ಕಡೆಯಿಂದಲೂ ಬಂದಿರಬಹುದು. ತೀರಿಹೋದ ಅಜ್ಜನನ್ನು ಬೈಯಲು ಹೊಸ ಕಾರಣ ಸಿಗುವಾಗ ನೀನು ಹಿಂಜರಿದದ್ದನ್ನು ನಾನೆಂದೂ ಕಂಡಿಲ್ಲ.

ಇನ್ನು ಸೂಜಿ. ಅದು ಏನೂ ಅಲ್ಲ. ಇರುವೆ ಕಚ್ಚಿದ ಹಾಗೆ, ಅಷ್ಟೇ. ಮುಖ ಆಚೆ ತಿರುಗಿಸಿ ಹಾಡೊಂದರ ಮೊದಲ ಸಾಲು ಗುನುಗುವಷ್ಟರಲ್ಲಿ ಮುಗಿದಿರುತ್ತದೆ. ಇದಕ್ಕೂ ಹೆದರುವವರನ್ನು ಕಂಡರೆ ವಿಜ್ಞಾನಿಗಳಾದ ನಮಗೆ ನಗು ಬರುತ್ತದೆ. ಭಾನುವಾರ ಫೋನಿನಲ್ಲಿ, "ಸರಿ, ನೀನು ಕೊಟ್ಟಿದ್ದೀಯೇನೇ?" ಎಂದು ನೀನು ಕೇಳಿದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಈ ಊರಿನ ಮಂಜಿಗೂ ಫೋನಿಗೂ ಆಗಿಬರುವುದಿಲ್ಲ.

ಆದ್ದರಿಂದ ಮಹಾಮಾತೆಯವರು ಶನಿವಾರ ಬೆಳಿಗ್ಗೆ ನೀಲಿ ಶಾಲು ಹೊದ್ದು, ಬೆಂತೊನ ಕೈ ಹಿಡಿದು, ಆರೋಗ್ಯ ಕೇಂದ್ರದವರೆಗೆ ಚಿತ್ತೈಸಬೇಕೆಂದು ಪ್ರಾರ್ಥನೆ. ಹಿಂದೆ ತಿರುಗಿ ನೋಡುವ ಅಗತ್ಯವಿಲ್ಲ. ಎಲ್ಲರೂ ಬರುತ್ತಿರುತ್ತಾರೆ.

ನಿನ್ನ ಮಂದೆಯ ಅತಿ ಮೊಂಡ ಹೇಸರಗತ್ತೆ,
ಜಸೀರಾ

ಮರೆತ ಮಾತು: ಫೋನ್ ಕಟ್ ಮಾಡಿದ್ದು ಮಂಜಲ್ಲ ಅಜ್ಜಿ, ನಾನು. ಇರುವೆಯ ಮಾತೂ ನನ್ನದಲ್ಲ, ವಂಡರ್ಲೇ ಹೇಳಿದ್ದು. ರಕ್ತ ತೆಗೆಯುವ ಕೋಣೆ ನಮ್ಮ ಕಟ್ಟಡದ ಕೆಳಗೇ ಇದೆ. ದಿನಾ ಬಾಗಿಲವರೆಗೆ ಹೋಗುತ್ತೇನೆ, ಕಾಫಿ ಕುಡಿದು ಮೇಲೆ ಬರುತ್ತೇನೆ. ಶುಕ್ರವಾರ ಸಂಜೆಯ ಬಸ್ಸಿಗೆ ಬರುತ್ತಿದ್ದೇನೆ. ನೀನು ಮೊದಲು ಒಳಗೆ ಹೋಗು. ಗಂಟೆ ಕೇಳುವಷ್ಟು ಹತ್ತಿರದಲ್ಲೇ ಇರುತ್ತೇನೆ.